ಒಳಾಂಗಣ ವಿನ್ಯಾಸ: ಓದು, ಹೆಸರು, ಹೊಣೆ



ಇಂದಿನ ಮಾತು ಒಳಾಂಗಣ ವಿನ್ಯಾಸದ ಓದು ಮತ್ತು ಆ ಓದು ಕೊಡುವ ಗುರುತಿನ ಬಗ್ಗೆ. ಕನ್ನಡ ಎಂ.ಎ. ಮಾಡಿದ ಗೃಹಿಣಿಗೂ ಇದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. ಇಲ್ಲಿ ಕುವೈತ್‌ನ ಕನ್ನಡ ಮನೆಗಳಲ್ಲಿ ಪ್ರತಿ ವರ್ಷ ಹನ್ನೆರಡನೇ ತರಗತಿ ಮುಗಿಸುವ ಮಕ್ಕಳಿದ್ದಾರೆ. ಅವರಲ್ಲೊಬ್ಬಳು "ನಾನು ಇಂಟೀರಿಯರ್ ಡಿಸೈನ್ ಓದ್ತೀನಿ" ಅಂದರೆ ಸಾಕು, "ಪರದೆ, ಸೋಫಾ ಆರಿಸೋದಕ್ಕೆ ನಾಲ್ಕು ವರ್ಷ ಓದಬೇಕೇನೇ?" ಎಂಬ ಮಾತು ಬಂದೇ ಬರುತ್ತದೆ. ಊರಿನಿಂದ ಅಜ್ಜಿ ಫೋನಿನಲ್ಲಿ ಸೇರಿಸುತ್ತಾರೆ: "ಮನೆ ಚಂದ ಇಟ್ಟುಕೊಳ್ಳೋದು ಯಾವ ಹೆಣ್ಣುಮಗಳಿಗೆ ಬರಲ್ಲ?"

ತಪ್ಪು ಅವರದಲ್ಲ. ನಮ್ಮಲ್ಲಿ ಈ ಕೆಲಸಕ್ಕೆ ಬಹುಕಾಲ ಇದ್ದ ಹೆಸರೇ 'ಗೃಹಾಲಂಕಾರ'. ಅಲಂಕಾರ ಎಂದರೆ ಮೇಲಿನಿಂದ ತೊಡಿಸುವುದು ಎಂದು ನಾವು ತಿಳಿದಿದ್ದೇವೆ. ಕಾವ್ಯಶಾಸ್ತ್ರ ಓದಿದವರಿಗೆ ಇದು ಹಳೆಯ ಚರ್ಚೆ. ಒಂಬತ್ತನೇ ಶತಮಾನದ ನಮ್ಮ 'ಕವಿರಾಜಮಾರ್ಗ' ಅಲಂಕಾರಗಳನ್ನು ವಿವರಿಸುವ ಗ್ರಂಥವೇ. ಆದರೆ ಹನ್ನೊಂದನೇ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರ ಔಚಿತ್ಯದ ಬಗ್ಗೆಯೇ ಒಂದು ಗ್ರಂಥ ಬರೆದ. ಯಾವುದು ಎಲ್ಲಿಗೆ ಸಲ್ಲುತ್ತದೆ ಎಂಬ ವಿವೇಕವೇ ಔಚಿತ್ಯ. ಮಂಡಿನೋವಿನ ಅತ್ತೆಯವರಿರುವ ಮನೆಗೆ ನೆಲಕ್ಕೆ ತಾಗುವಂಥ ಸೋಫಾ ತಂದರೆ ಅದು ಎಷ್ಟೇ ಚಂದವಿದ್ದರೂ ಸಲ್ಲುವುದಿಲ್ಲ. ಒಳಾಂಗಣ ವಿನ್ಯಾಸದ ಓದು ಈ ವಿವೇಕದಿಂದಲೇ ಶುರುವಾಗುತ್ತದೆ.

ಆದರೆ ಅದು ಸೋಫಾದ ಎತ್ತರಕ್ಕೇ ನಿಲ್ಲುವುದಿಲ್ಲ. 2024ರ ಜೂನ್ 12ರ ಬೆಳಗಿನ ಜಾವ ಇಲ್ಲಿಯ ಮಂಗಾಫ್‌ನಲ್ಲಿ ಕಾರ್ಮಿಕರಿದ್ದ ಕಟ್ಟಡವೊಂದಕ್ಕೆ ಬೆಂಕಿ ಬಿದ್ದದ್ದನ್ನು ನಾವ್ಯಾರೂ ಮರೆತಿಲ್ಲ. ಸುಮಾರು ಐವತ್ತು ಜನ ತೀರಿಕೊಂಡರು. ಹೆಚ್ಚಿನವರು ಭಾರತೀಯರು, ನಮ್ಮ ಕಲಬುರಗಿ ಜಿಲ್ಲೆಯವರೂ ಒಬ್ಬರಿದ್ದರು. ಕೋಣೆಗಳ ನಡುವೆ ಹಾಕಿದ್ದ ಅಡ್ಡಗೋಡೆಗಳು ಬೇಗ ಹೊತ್ತಿಕೊಳ್ಳುವ ವಸ್ತುವಿನವು, ದಟ್ಟ ಕಪ್ಪು ಹೊಗೆಗೆ ಅದೂ ಕಾರಣ ಎಂದು ಇಲ್ಲಿಯ ಅಗ್ನಿಶಾಮಕ ಅಧಿಕಾರಿಗಳು ಹೇಳಿದ್ದು ಪತ್ರಿಕೆಗಳಲ್ಲಿ ಬಂತು.

ಅಡ್ಡಗೋಡೆ! ಒಂದು ಫ್ಲಾಟನ್ನು ಎರಡು ಮೂರು ಭಾಗ ಮಾಡಿ ಬಾಡಿಗೆ ಹಂಚಿಕೊಳ್ಳುವುದು ನಮ್ಮ ನಡುವೆ ಹೊಸದಲ್ಲ. ಹಲಗೆ ಯಾವುದು, ಅದು ಎಷ್ಟು ಹೊತ್ತು ಬೆಂಕಿ ತಡೆಯುತ್ತದೆ, ಕತ್ತಲಲ್ಲಿ ಎದ್ದವರು ಮೆಟ್ಟಿಲು ತಲುಪುವುದು ಹೇಗೆ, ಒಂದೇ ಪ್ಲಗ್ಗಿಗೆ ಎಷ್ಟು ಭಾರ ಹಾಕಬಹುದು ಎಂದು ಯಾರೂ ಕೇಳುವುದಿಲ್ಲ. ಈ ಪ್ರಶ್ನೆಗಳನ್ನು ಕೇಳಲು ಕಲಿಸುವ ಓದೇ ಇದು. ಅಮೆರಿಕದಲ್ಲಿ ಒಳಾಂಗಣ ವಿನ್ಯಾಸಕರಿಗೆ ಎನ್‌ಸಿಐಡಿಕ್ಯೂ ಎಂಬ ಪರೀಕ್ಷೆ ಇದೆ. ಕಟ್ಟಡ ನಿಯಮ, ಜನರ ಸುರಕ್ಷತೆ ಇವೆಲ್ಲ ಅದರಲ್ಲಿ ಬರುತ್ತವೆ. ಬಣ್ಣ ಹೊಂದಿಸುವುದು ಗೊತ್ತಿದ್ದರಷ್ಟೇ ಅದನ್ನು ದಾಟಲಾಗದು.

ಇನ್ನು ನಮ್ಮ ದೇಶದ ಸಂಗತಿ. 1972ರ ವಾಸ್ತುಶಿಲ್ಪಿಗಳ ಕಾಯಿದೆಯ ಪ್ರಕಾರ ನೋಂದಣಿ ಇಲ್ಲದವರು ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳುವಂತಿಲ್ಲ. ಆ ಕಾಯಿದೆ ಕಾಪಾಡುವುದು ಹೆಸರನ್ನು, ಕೆಲಸವನ್ನಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಇಂಟೀರಿಯರ್ ಡಿಸೈನರ್‌ಗೆ ಹಾಗೆ ಹೆಸರು ಕಾಪಾಡುವ ಕಾಯಿದೆಯೇ ಇಲ್ಲ. ಅದೇ 1972ರಲ್ಲಿ ಮುಂಬೈಯಲ್ಲಿ ಭಾರತೀಯ ಒಳಾಂಗಣ ವಿನ್ಯಾಸಕರ ಸಂಸ್ಥೆ ಹುಟ್ಟಿದರೂ ಅದರ ಸದಸ್ಯತ್ವ ಕಾನೂನಿನ ಪರವಾನಗಿ ಅಲ್ಲ. ಹಾಗಾಗಿ ಐದು ವರ್ಷ ಓದಿದವರೂ, ಮೂರು ತಿಂಗಳ ಕೋರ್ಸ್ ಮಾಡಿದವರೂ, ಏನೂ ಓದದವರೂ ಒಂದೇ ತರಹದ ವಿಸಿಟಿಂಗ್ ಕಾರ್ಡ್ ಮಾಡಿಸಬಹುದು.

ಹಾಗಾದರೆ ಪದವಿ ಇಲ್ಲದವರು ದಡ್ಡರೇ? ಖಂಡಿತ ಅಲ್ಲ. ಮಣಿಪಾಲದ ವಿಜಯನಾಥ ಶೆಣೈ ಅವರು ಬ್ಯಾಂಕ್ ಉದ್ಯೋಗಿಯಾಗಿದ್ದವರು. ಕೆಡವಿ ಹಾಕುತ್ತಿದ್ದ ಹಳೆಯ ಮನೆಗಳನ್ನು ಉಳಿಸಿ ತಂದು ಮತ್ತೆ ನಿಲ್ಲಿಸಿ 'ಹಸ್ತಶಿಲ್ಪ' ಪರಂಪರೆ ಗ್ರಾಮ ಕಟ್ಟಿದರು. ನಮ್ಮ ತೊಟ್ಟಿಮನೆಗಳ ಕಂಬ, ಬಾಗಿಲುಗಳನ್ನು ಕೆತ್ತಿದ ಆಚಾರಿಗಳೂ ಯಾವ ಕಾಲೇಜಿಗೂ ಹೋದವರಲ್ಲ. ಆದರೆ ಒಂದು ವ್ಯತ್ಯಾಸ ಗಮನಿಸಿ. ಊರಿನಲ್ಲಿ ಬಾಗಿಲು ಕೆಟ್ಟರೆ ಯಾರ ಮನೆ ಜಗಲಿಗೆ ಹೋಗಿ ಕೇಳಬೇಕು ಎಂದು ಎಲ್ಲರಿಗೂ ಗೊತ್ತಿತ್ತು. ಹವಲ್ಲಿಯ ಫ್ಲಾಟಿನಲ್ಲಾಗಲಿ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಾಗಲಿ ಗೋಡೆ ಹಾಕಿದವನು ಯಾರೆಂದು ಮುಂದಿನ ಬಾಡಿಗೆದಾರನಿಗೆ ಗೊತ್ತಿರುವುದಿಲ್ಲ. ಪರಿಚಯ ಇಲ್ಲದ ಕಡೆ ಪರಿಚಯದ ಜಾಗದಲ್ಲಿ ನಿಲ್ಲುವುದೇ ಪದವಿ, ನೋಂದಣಿ, ಸಹಿ.

ಕಾಗದದ ಬೆಲೆ ಏನೆಂದು ಕುವೈತ್‌ನಲ್ಲಿರುವ ನಮಗೆ ಬೇರೆ ಹೇಳಬೇಕಿಲ್ಲ. 2018ರಲ್ಲಿ ಎಂಜಿನಿಯರುಗಳ ಪರವಾನಗಿಗೆ ಕುವೈತ್ ಸೊಸೈಟಿ ಆಫ್ ಎಂಜಿನಿಯರ್ಸ್‌ನ ಒಪ್ಪಿಗೆ ಬೇಕು ಎಂದಾದಾಗ, ಎನ್‌ಬಿಎ ಮಾನ್ಯತೆ ಇಲ್ಲದ ಕಾಲೇಜುಗಳಲ್ಲಿ ಓದಿದ್ದ ಎಷ್ಟೋ ಭಾರತೀಯರು ತೊಂದರೆಗೆ ಸಿಕ್ಕಿದರು. ವರ್ಷಗಟ್ಟಲೆ ಮಾಡಿದ್ದ ಕೆಲಸ ಅದೇ, ಕೈ ಅದೇ. ಹುದ್ದೆಯ ಹೆಸರು ಮಾತ್ರ ಅಲುಗಾಡಿತು.

ಆದ್ದರಿಂದ ಮಗಳನ್ನು ಈ ಓದಿಗೆ ಕಳಿಸುವ ಮುನ್ನ ನಾಲ್ಕು ವಿಷಯ ವಿಚಾರಿಸಿ. ಒಂದು, ಪದವಿ ಕೊಡುವುದು ಯುಜಿಸಿ ಮಾನ್ಯತೆ ಇರುವ ವಿಶ್ವವಿದ್ಯಾಲಯವೇ? ಎರಡು, ಪಠ್ಯದಲ್ಲಿ ಕಟ್ಟಡ ಸಾಮಗ್ರಿ, ವಿದ್ಯುತ್, ಬೆಂಕಿ ಸುರಕ್ಷತೆ, ಖರ್ಚಿನ ಲೆಕ್ಕ ಇವೆಯೇ? ಮೂರು, ಕೆಲಸದ ಜಾಗದಲ್ಲಿ, ಬಡಗಿಗಳ ಜೊತೆ ತರಬೇತಿ ಇದೆಯೇ? ನಾಲ್ಕು, ನಾಳೆ ಹೊರದೇಶಕ್ಕೆ ಬರುವುದಾದರೆ ಆ ಪ್ರಮಾಣಪತ್ರಕ್ಕೆ ಬೇಕಾದ ದೃಢೀಕರಣ ಸಿಗುತ್ತದೆಯೇ? ಕರ್ನಾಟಕದ ಕೆಲವು ಮಹಿಳಾ ಪಾಲಿಟೆಕ್ನಿಕ್‌ಗಳಲ್ಲಿ ಎಸ್ಸೆಸ್ಸೆಲ್ಸಿ ನಂತರದ ಮೂರು ವರ್ಷದ ಡಿಪ್ಲೊಮಾ ಇದೆ. ಅಹಮದಾಬಾದಿನ ಸೆಪ್ಟ್‌ನಂಥ ಕಡೆ ದೀರ್ಘ ಪದವಿ ಇದೆ. ಎರಡೂ ಒಂದೇ ಅಲ್ಲ, ಎರಡೂ ಕೀಳಲ್ಲ. ಯಾವುದು ಎಲ್ಲಿಯವರೆಗೆ ಕರೆದೊಯ್ಯುತ್ತದೆ ಎಂದು ತಿಳಿದು ಆರಿಸಬೇಕು, ಅಷ್ಟೇ.

ಇನ್ನೊಂದು ಮಾತು, ನನ್ನಂಥ ಗೃಹಿಣಿಯರಿಗೆ. ಇಂಥ ಡಿಪ್ಲೊಮಾ ಪಡೆದು, ಮದುವೆಯಾಗಿ, ಆರ್ಟಿಕಲ್ 22 ವೀಸಾದಲ್ಲಿ ಇಲ್ಲಿಗೆ ಬಂದ ಅಕ್ಕತಂಗಿಯರು ನಮ್ಮಲ್ಲಿದ್ದಾರೆ. ಕೂಟದ ರಾಜ್ಯೋತ್ಸವಕ್ಕೆ ವೇದಿಕೆ ಸಿಂಗರಿಸಲು ಅವರನ್ನು ಕರೆಯುತ್ತೇವೆ, ಶಾಲು ಹೊದಿಸುತ್ತೇವೆ. ಮುಂದಿನ ಸಲ ಹೂವಿನ ಜೊತೆಗೆ ಇದನ್ನೂ ಕೇಳೋಣ: ವೇದಿಕೆಯ ಹಿಂದಿನ ವೈರುಗಳು ಸರಿಯಿವೆಯೇ? ಮಕ್ಕಳು ಗಾಬರಿಯಾದರೆ ಯಾವ ಬಾಗಿಲಿನಿಂದ ಹೊರಹೋಗಬೇಕು? ಆಗ ಅವರ ಓದಿಗೆ ನಿಜವಾದ ಮರ್ಯಾದೆ ಸಿಗುತ್ತದೆ. ನಮ್ಮ ಮಕ್ಕಳೂ ಕ್ಷೇಮವಾಗಿರುತ್ತಾರೆ.