ವಂಕಿ ಹಾಕೋ ಮುಂಚೆ ಗರ್ಭಕೋಶ ಯಾಕೆ ಪರೀಕ್ಷೆ ಮಾಡ್ತಾರೆ?

ಇವತ್ತು ವಂಕಿ, ಅಂದ್ರೆ ಕಾಪರ್-ಟಿ ಬಗ್ಗೆ ಮಾತಾಡೋಣ. ಹೊನ್ನಾಳಿ, ನ್ಯಾಮತಿ ಕಡೆ ಒಂದು ಮಗು ಆದ ಮೇಲೆ ಆಶಾ ಕಾರ್ಯಕರ್ತೆ ‘ವಂಕಿ ಹಾಕಿಸ್ಕೊಳಮ್ಮ’ ಅಂತಾರೆ. ಪಕ್ಕದ ಮನೆಯವರು ‘ಬೇಡ, ಅದು ಎದೆಗೆ ಏರುತ್ತೆ’ ಅಂತ ಹೆದರಿಸ್ತಾರೆ.

ಎದೆಗೆ ಏರಲ್ಲ. ಆದ್ರೆ ಹಾಕುವಾಗ ಗರ್ಭಕೋಶದ ಗೋಡೆಗೆ ಚುಚ್ಚೋ ಸಾಧ್ಯತೆ ಇದೆ, ಸುಮಾರು 1,000ಕ್ಕೆ ಒಬ್ಬರಲ್ಲಿ. ಆ ಅಪಾಯ ತಗ್ಗಿಸೋದೇ ಮುಂಚಿನ ಪರೀಕ್ಷೆ.

ಮೊದಲು ಪ್ರಶ್ನೆಗಳು. ಕೊನೆಯ ಮುಟ್ಟು ಯಾವಾಗ ಆಯ್ತು? ಮುಟ್ಟಿನ ಮಧ್ಯೆ ರಕ್ತ ಹೋಗುತ್ತಾ? ವಾಸನೆ ಇರೋ ಬಿಳಿಸೆರಗು, ಕಿಬ್ಬೊಟ್ಟೆ ನೋವು ಇದೆಯಾ? ಅತ್ತೆ ಪಕ್ಕದಲ್ಲಿ ನಿಂತಿದ್ರೆ ಇದಕ್ಕೆಲ್ಲ ನಿಜ ಹೇಳೋದು ಕಷ್ಟ. ‘ಡಾಕ್ಟ್ರೇ, ಒಬ್ಬಳೇ ಮಾತಾಡಬೇಕು’ ಅಂತ ಕೇಳಿ, ತಪ್ಪೇನಿಲ್ಲ.

ಆಮೇಲೆ ಒಳಗಿನ ಪರೀಕ್ಷೆ. ಗರ್ಭಕಂಠ ನೋಡ್ತಾರೆ. ಒಂದು ಕೈ ಒಳಗೆ, ಇನ್ನೊಂದು ಹೊಟ್ಟೆ ಮೇಲೆ ಇಟ್ಟು ಗರ್ಭಕೋಶ ಎಷ್ಟು ದೊಡ್ಡದಿದೆ, ಮುಂದಕ್ಕೆ ಬಾಗಿದೆಯೋ ಹಿಂದಕ್ಕೋ ಅಂತ ತಿಳ್ಕೋತಾರೆ. ಬಾಗಿರೋ ದಿಕ್ಕು ಗೊತ್ತಿಲ್ಲದೆ ತಳ್ಳಿದ್ರೇನೇ ಚುಚ್ಚೋ ಭಯ ಜಾಸ್ತಿ. ಕೊನೆಗೆ ತೆಳು ಕಡ್ಡಿಯಿಂದ ಆಳ ಅಳೀತಾರೆ. ಸಾಮಾನ್ಯವಾಗಿ 6ರಿಂದ 9 ಸೆಂ.ಮೀ. ಇರುತ್ತೆ.

ಸೋಂಕಿದ್ರೆ ಮೊದಲು ಚಿಕಿತ್ಸೆ, ಆಮೇಲೆ ವಂಕಿ. ಕಾರಣ ಗೊತ್ತಿಲ್ಲದ ರಕ್ತಸ್ರಾವ ಇದ್ರೆ ಮೊದಲು ಕಾರಣ ಹುಡುಕಬೇಕು. ಗಡ್ಡೆಯಿಂದ ಗರ್ಭಕೋಶದ ಒಳಗಿನ ಆಕಾರವೇ ಕೆಟ್ಟಿದ್ರೆ ಬೇರೆ ವಿಧಾನ ನೋಡ್ಕೋಬೇಕು.

ಸ್ಕ್ಯಾನಿಂಗ್ ಎಲ್ಲರಿಗೂ ಬೇಕಾಗಿಲ್ಲ, ಅನುಮಾನ ಬಂದ್ರೆ ಮಾತ್ರ. ಆದ್ರೆ ಒಳಗಿನ ಪರೀಕ್ಷೆ ಬಿಡೋ ಹಾಗಿಲ್ಲ. ಸಂಕೋಚ ಆಗುತ್ತೆ, ನಿಜ. ಪರದೆ ಎಳೀರಿ ಅನ್ನಿ, ಜೊತೆಗೊಬ್ಬ ನರ್ಸ್ ಇರಲಿ ಅನ್ನಿ.

ಹೆರಿಗೆಯಾದ 48 ಗಂಟೆಯೊಳಗೂ ಹಾಕ್ತಾರೆ. ಆಗ ಜ್ವರ, ಅತಿಯಾದ ರಕ್ತಸ್ರಾವ, ನೀರು ಒಡೆದು 18 ಗಂಟೆ ದಾಟಿತ್ತಾ ಅಂತ ನೋಡ್ತಾರೆ. ಆ ಸಮಯ ತಪ್ಪಿದ್ರೆ ಸಾಮಾನ್ಯವಾಗಿ 6 ವಾರ ಕಾಯಬೇಕು.

ಸರ್ಕಾರಿ ಆಸ್ಪತ್ರೆಯಲ್ಲಿ ಇದು ಉಚಿತ. 380ಎ ಅನ್ನೋದು 10 ವರ್ಷ, 375 ಅನ್ನೋದು 5 ವರ್ಷ ಬರುತ್ತೆ. ಬೇಡ ಅನ್ನಿಸಿದಾಗ ತೆಗೆಸಬಹುದು. ಎಚ್‌ಐವಿ ತಡೆಯಲ್ಲ, ಅದಕ್ಕೆ ಕಾಂಡೋಮೇ ಬೇಕು.

ಹಾಕಿಸ್ಕೊಂಡ ಮೇಲೆ ಜೋರು ಹೊಟ್ಟೆನೋವು, ಜ್ವರ ಬಂದ್ರೆ, ಮುಟ್ಟು ನಿಂತ್ರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಹಾಕಿಸೋ ದಿನ ಒಂದು ಮಾತು ಕೇಳೋದು ಮರೀಬೇಡಿ: ‘ಒಳಗಡೆ ಪರೀಕ್ಷೆ ಮಾಡಿದ್ರಾ? ಎಲ್ಲ ಸರಿ ಇದೆಯಾ?’ ಉತ್ತರ ಸಿಕ್ಕ ಮೇಲೆ ಒಪ್ಪಿಗೆ ಕೊಡಿ.