ಬೆನ್ನೆಲುಬಿನ ಬಾಳಿಕೆ



ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮುಂಬಯಿಗೆ ಬಂದ ನಮಗೆ ಮೈಯೇ ಬಂಡವಾಳ. ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದಾಗಲಿ, ಕಚೇರಿಯ ಮೇಜಿನ ಮುಂದಾಗಲಿ ನಾವು ದಿನವೆಲ್ಲ ಕೂತು ದುಡಿಯುವವರು. ಆ ಭಾರ ಹೊರುವ ಬೆನ್ನನ್ನು ಮಾತ್ರ ನೋವು ಬರುವವರೆಗೆ ನೆನೆಯುವುದಿಲ್ಲ.

ಬೆನ್ನೆಲುಬು ಒಂದೇ ಎಲುಬಲ್ಲ. ಕತ್ತಿನಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5, ಹೀಗೆ ಅಲುಗಾಡುವ ಮಣಿಗಳೇ 24. ಅವುಗಳ ನಡುನಡುವೆ ಮೆತ್ತೆಯಂತಹ ಬಿಲ್ಲೆಗಳಿವೆ. ಬೆಳೆದವರಲ್ಲಿ ಈ ಬಿಲ್ಲೆಗಳ ಒಳಗೆ ರಕ್ತನಾಳಗಳು ಇಲ್ಲವೆನ್ನುವಷ್ಟು ಕಡಿಮೆ. ಮೈ ಆಡಿದಾಗ ಒತ್ತಡ ಏರಿಳಿದು, ಸುತ್ತಲಿನಿಂದ ನೀರೂ ಪೋಷಣೆಯೂ ಒಳಗಿಳಿಯುತ್ತವೆ. ಗಂಟೆಗಟ್ಟಲೆ ಬಾಗಿ ಕೂತರೆ ಈ ಏರಿಳಿತ ನಿಲ್ಲುತ್ತದೆ. ಸ್ನಾಯುಗಳು ದಣಿದು ಬಿಗಿಯುತ್ತವೆ. ತಲೆಯ ತೂಕ ಸುಮಾರು 5 ಕಿಲೋ. 2014ರಲ್ಲಿ ಅಮೆರಿಕದ ವೈದ್ಯ ಕೆನೆತ್ ಹನ್ಸ್‌ರಾಜ್ ಹಾಕಿದ ಲೆಕ್ಕದಂತೆ, ಅದನ್ನು 60 ಡಿಗ್ರಿ ಬಗ್ಗಿಸಿದರೆ ಕತ್ತಿನ ಹೊರೆ ಸುಮಾರು 27 ಕಿಲೋ ಆಗುತ್ತದೆ.

ಹಾಗೆಂದು ಸಿಪಾಯಿಯಂತೆ ಸೆಟೆದು ಕೂರಬೇಕಾಗಿಲ್ಲ. ಬಾಗಿದವರಿಗೆಲ್ಲ ನೋವು ಬರುವುದಿಲ್ಲ; ವಯಸ್ಸು, ವಂಶಗುಣ, ಧೂಮಪಾನಗಳೂ ಬಿಲ್ಲೆಗಳನ್ನು ಸವೆಸುತ್ತವೆ. ಕೇಡು ಹೆಚ್ಚಾಗಿ ಅಲುಗದೆ ಕೂರುವುದರಲ್ಲಿದೆ. ಆದುದರಿಂದ ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕೋಣ. ಲೋಕಲ್ ರೈಲಿನಲ್ಲಿ ಮೊಬೈಲನ್ನು ಕಣ್ಣಿನ ಮಟ್ಟಕ್ಕೆ ಎತ್ತೋಣ. ನೆಲದ ಮೇಲೆ ಬಗ್ಗಿ ಬರೆಯುವ ಮಕ್ಕಳ ಮುಂದೆ ಎತ್ತರದ ಮಣೆಯೊಂದನ್ನು ಇಡೋಣ. ಕಾಲು ಬಲಗುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಮಾತ್ರ ಒಂದು ದಿನವೂ ತಡಮಾಡದೆ ವೈದ್ಯರ ಬಳಿಗೆ ಹೋಗೋಣ.

ಊರಿಗೆ ಹಣ ಕಳಿಸುವುದೂ ಇಲ್ಲಿ ಸಂಸಾರ ಸಾಗಿಸುವುದೂ ಈ ಬೆನ್ನಿನ ಬಲದಿಂದಲೇ. ಅದನ್ನು ಕಾಪಾಡಿಕೊಳ್ಳೋಣ.