ಹರಿಗೋಲಿಗೆ ಒಂದು ಲಂಗರು

ಅಕ್ಕತಂಗಿಯರೇ, ಬಿಟಿಎಂ ಬಡಾವಣೆಯ ಮಡಿವಾಳ ಕೆರೆ ನಿಮಗೆ ಗೊತ್ತು. ಅಂಥ ಕೆರೆಯಲ್ಲಿ ಮೀನು ಹಿಡಿಯುವಾಗ ಗಾಳಿ ಬೀಸಿದರೆ ಹರಿಗೋಲು ನಿಂತಲ್ಲಿ ನಿಲ್ಲೋದಿಲ್ಲ. ಅದನ್ನು ನಿಲ್ಲಿಸಲು ಹಗ್ಗ ಕಟ್ಟಿ ನೀರಿಗೆ ಬಿಡುವ ಭಾರವೇ ಲಂಗರು.

ಕಬ್ಬಿಣದ್ದೇ ಬೇಕೇ? ದುಡ್ಡು ದಂಡ. ಆಳವಿಲ್ಲದ ಕೆರೆಗೆ ಕಲ್ಲು ಸಾಕು. ಗುಂಡುಕಲ್ಲು ಬೇಡ, ಹಗ್ಗ ಜಾರುತ್ತೆ. ಮೂಲೆಯಲ್ಲಿ ಬಿದ್ದಿರುವ ಹಳೇ ಬೀಸುಕಲ್ಲಿನ ಮೇಲಿನ ಕಲ್ಲು ಇದೆಯಲ್ಲ, ಅದರ ನಡುವೆ ತೂತಿದೆ. ಹಗ್ಗ ಪೋಣಿಸಿ ಗಂಟು ಹಾಕಿ.

ಬಾವಿಯಲ್ಲಿ ತುಂಬಿದ ಕೊಡ ನೀರೊಳಗೆ ಹಗುರ, ಮೇಲೆ ಬಂದರೆ ಭಾರ, ಅಲ್ಲವೇ? ಕಲ್ಲೂ ಹಾಗೇ. 10 ಕಿಲೋ ಕಲ್ಲು ನೀರಲ್ಲಿ ಸುಮಾರು 6 ಕಿಲೋ ಅಷ್ಟೇ. ಅದಕ್ಕೇ ದೊಡ್ಡದನ್ನೇ ಆರಿಸಿ.

2 ಮಾರು ಆಳಕ್ಕೆ 6 ಮಾರು ಹಗ್ಗ ಬಿಡಿ. ಗಿಡ್ಡ ಹಗ್ಗ ಕಲ್ಲನ್ನು ಮೇಲಕ್ಕೆ ಎತ್ತಿಬಿಡುತ್ತೆ. ಹಗ್ಗ ಕಾಲಿಗೆ ಸುತ್ತಿಕೊಳ್ಳದಂತೆ ನೋಡಿಕೊಳ್ಳಿ. ಸುತ್ತಿದರೆ ಕಲ್ಲಿನ ಜೊತೆ ಮನುಷ್ಯರೂ ಹೋಗ್ತಾರೆ.